‘ಆಮೇಲೆ’ ಎಂದು ಹಾಡಿದವನ ಮೂರು ಕ್ಯಾಸೆಟ್ಟುಗಳು

ಟೇಪ್ ರೆಕಾರ್ಡರಿನ ಜತೆ ಮೂರು ಕ್ಯಾಸೆಟ್, ಒಟ್ಟು ಹದಿನೈದು ರಿಯಾಲ್. ಕತಾರಿನ ದೋಹಾ ಅಲ್ ಜದೀದಾದ ಹಳೆ ಸಾಮಾನಿನ ಅಂಗಡಿಯವನು ಇಪ್ಪತ್ತೈದು ಹೇಳಿದ್ದ. ಊರಿಂದ ತಂದ ಯಕ್ಷಗಾನ ಕೇಳಲು ನನಗೆ ಟೇಪ್ ರೆಕಾರ್ಡರ್ ಮಾತ್ರ ಬೇಕಿತ್ತು, ಕ್ಯಾಸೆಟ್ ಬಿಟ್ಟು ಕೊಡಲು ಅವನು ಒಪ್ಪಲಿಲ್ಲ. ಎರಡು ಸಲ ಬಾಗಿಲವರೆಗೆ ಹೋಗಿ ಬಂದೆ. ‘ಖಲಾಸ್, ತಗೊಂಡು ಹೋಗು’ ಅಂದ.

ಅವು ಇಟಲಿಯ ಹೆಸರುವಾಸಿ ರಾಕ್ ಗಾಯಕನೊಬ್ಬನ ಮೊದಲ ಮೂರು ಆಲ್ಬಂಗಳು. ಮೊದಲನೆಯದರ ಒಂದು ಹಾಡಿನಲ್ಲಿ ಅವನು ‘ಪೋಯಿ, ಪೋಯಿ’ ಎಂದು ಗಂಟಲು ಹರಿಯುವಂತೆ ಎಳೆಯುತ್ತಿದ್ದ. ನಮ್ಮ ತುಳುವಿನಲ್ಲಿ ಪೋಯಿ ಅಂದರೆ ಹೋಗೋಣ. ಹುಡುಗಿಯನ್ನು ಜತೆಗೆ ಕರೆಯುತ್ತಿದ್ದಾನೆ ಅಂದುಕೊಂಡೆ.

ಮದುವೆಯಾಗಿ ತಿಂಗಳಿಗೇ ಹೆಂಡತಿಯನ್ನು ಮಂಗಳೂರಿನಲ್ಲಿ ಬಿಟ್ಟು ಬಂದಿದ್ದೆ. ನನ್ನ ಸಂಬಳಕ್ಕೆ ಫ್ಯಾಮಿಲಿ ವೀಸಾ ಸಿಗುತ್ತಿರಲಿಲ್ಲ. ಪ್ರತಿ ಶುಕ್ರವಾರ ಫೋನಿನಲ್ಲಿ ಅವಳು ‘ಏಪ?’ ಅನ್ನುವಳು, ಯಾವಾಗ ಎಂದು. ನಾನು ‘ಬೊಕ್ಕ’ ಅನ್ನುವೆ, ಆಮೇಲೆ ಎಂದು. ಫೋನಿಟ್ಟ ಮೇಲೆ ಆ ಹಾಡು ಹಾಕುತ್ತಿದ್ದೆ.

ಕೋಣೆಯಲ್ಲಿದ್ದ ಮಲಯಾಳಿ ನಗುತ್ತಿದ್ದ. ‘ಚೇಟಾ, ನಮ್ಮಲ್ಲಿ ಪೋಯಿ ಅಂದ್ರೆ ಹೋಯ್ತು ಅಂತ. ಅವನ ಹುಡುಗಿ ಹೋಯ್ತು, ನಿಮ್ಮ ಹದಿನೈದು ರಿಯಾಲೂ ಹೋಯ್ತು!’

ಎರಡು ವರ್ಷ ಹೀಗೇ ಕಳೆಯಿತು. ಆಗ ನಮ್ಮ ಕಂಪನಿಗೆ ಪಂಪು ಕೂರಿಸಲು ಇಟಲಿಯ ಟೆಕ್ನಿಷಿಯನ್ ಒಬ್ಬ ಬಂದ. ಖರೀದಿ ನೋಡುವವನು ನಾನೇ. ಸೈಟಿಗೆ ಕರೆದೊಯ್ಯುವಾಗ ಕಾರಿನಲ್ಲಿ ಅದೇ ಕ್ಯಾಸೆಟ್ ಓಡುತ್ತಿತ್ತು. ‘ಅಯ್ಯೋ, ಇದು ಅವನ ಎಳಸು ಕೆಲಸ. ಆಮೇಲಿನ ಆಲ್ಬಂ ಕೇಳು’ ಅಂದ. ನಾನು ಪೋಯಿ ಅಂದರೇನು ಎಂದು ಕೇಳಿದೆ.

‘ಆಮೇಲೆ ಅಂತ. ಯಾವಾಗ ಬರಲಿ ಅಂತ ಹುಡುಗಿ ಕೇಳ್ತಾಳೆ, ಇವನು ಆಮೇಲೆ ಆಮೇಲೆ ಅಂತಾನೆ. ಕೊನೆಗೆ ಅವಳು ಕೇಳೋದನ್ನೇ ಬಿಡ್ತಾಳೆ.’

ಹಿಂದಿನ ಎರಡು ಶುಕ್ರವಾರ ನನ್ನವಳೂ ‘ಏಪ’ ಅಂದಿರಲಿಲ್ಲ. ಕರೆಂಟು ಹೋದದ್ದು, ಮೀನಿನ ರೇಟು, ಅಷ್ಟೇ ಮಾತಾಡಿದ್ದಳು. ನಾನು ಅದನ್ನು ನೆಮ್ಮದಿ ಅಂದುಕೊಂಡಿದ್ದೆ.

ಪಂಪಿಗೆ ಹತ್ತು ಸಲ ಚೌಕಾಸಿ ಮಾಡಿದವನು ನನ್ನ ಸಂಬಳಕ್ಕೆ ಒಮ್ಮೆಯೂ ಬಾಯಿ ಬಿಟ್ಟಿರಲಿಲ್ಲ. ಮರುದಿನವೇ ಮ್ಯಾನೇಜರ್ ಎದುರು ಕೂತೆ. ವೀಸಾಕ್ಕೆ ಸಾಲುವಷ್ಟು ಸಂಬಳದ ಪತ್ರ ಸಿಗುವ ತನಕ ಏಳಲಿಲ್ಲ. ನಾಲ್ಕು ತಿಂಗಳಿಗೆ ದೋಹಾದ ಅಲ್ ಹಿಲಾಲಿನ ಎರಡು ಕೋಣೆಯ ಮನೆಗೆ ಅವಳು ಬಂದಳು. ಹಾಡಿನ ಕತೆ ಹೇಳಿದೆ. ನಗಲಿಲ್ಲ. ‘ಹೇಳಿಕೊಡ್ಲಿಕ್ಕೆ ಇಟಲಿಯವನೇ ಬೇಕಾಯ್ತಾ ನಿಮಗೆ?’

ಈಗ ಮತ್ತೆ ಕೇಳಿ ನೋಡಿದರೆ, ಅಬ್ಬರವಿಲ್ಲ ಎಂದು ಅಂದು ಮೂಲೆಗೆಸೆದ ಎರಡನೆಯ ಆಲ್ಬಮ್ಮೇ ಮೂರರಲ್ಲಿ ಉತ್ತಮ. ಮೂರನೆಯದರಲ್ಲಿ ಪಾಲಿಶ್ ಶುರುವಾಗಿದೆ. ಆಮೇಲಿನವನ್ನೂ ಕೊಂಡೆ: ಎಲ್ಲ ಅಚ್ಚುಕಟ್ಟು, ಆದರೆ ಯಾರೂ ಯಾರಿಗೂ ಕಾಯುತ್ತಿಲ್ಲ. ಮೊದಲನೆಯದರಲ್ಲಿ ದನಿ ಒಡೆಯುತ್ತದೆ, ಡ್ರಮ್ಮು ಮಾತನ್ನು ನುಂಗುತ್ತದೆ. ಮಾಲು ಮಾತ್ರ ಅಸಲಿ. ‘ಪೋಯಿ’ ಬಂದಾಗ ಪಕ್ಕದ ಕೋಣೆಯಲ್ಲಿ ಹೆಂಡತಿ ಇದ್ದರೂ, ಫೋನಿನಲ್ಲಿ ‘ಏಪ’ ಅನ್ನುತ್ತಿದ್ದ ಆ ಹುಡುಗಿ ಬೇಕು ಅನಿಸುತ್ತದೆ. ಅವಳನ್ನು ಯಾವ ವೀಸಾದಲ್ಲೂ ಕರೆಸಲಾಗಲಿಲ್ಲ.

ನೀವು ಹಳೆ ಕ್ಯಾಸೆಟ್ ಕೊಳ್ಳುವುದಾದರೆ ಟೇಪನ್ನು ಹಿಂದಿನಿಂದ ಒತ್ತಿ ಹಿಡಿಯುವ ಪುಟ್ಟ ಬಟ್ಟೆಯ ತುಂಡು ಇದೆಯೇ ನೋಡಿ. ಇಲ್ಲದಿದ್ದರೆ ಅರ್ಧ ಬೆಲೆಗೆ ಕೇಳಿ. ಊರಲ್ಲಿ ಯಾರಾದರೂ ಯಾವಾಗ ಎಂದು ಕೇಳುತ್ತಿದ್ದರೆ ಒಂದು ತಾರೀಕು ಹೇಳಿಬಿಡಿ. ತಪ್ಪಿದರೆ ಬೈಸಿಕೊಳ್ಳಿ, ಇನ್ನೊಂದು ಹೇಳಿ. ಅವರು ಕೇಳುತ್ತಿರುವ ತನಕವೇ ಚೌಕಾಸಿಗೆ ಜಾಗ.