ಹಿಂಬದಿ ಸೀಟಿನ ತಜ್ಞ

ಜಪಾನಿನ ಹಮಾಮತ್ಸುವಿನಲ್ಲಿ ಮೋಟಾರ್‌ಸೈಕಲ್ ಓಡಿಸಲು ಬಾರದವರು ಬೇಕಾದಷ್ಟು ಜನ ಇದ್ದಾರೆ. ಆದರೆ ಅರ್ಧ ಆಯುಷ್ಯವನ್ನು ಮೋಟಾರ್‌ಸೈಕಲ್ ತಯಾರಿಕೆಯಲ್ಲೇ ಸವೆಸಿ, ಅದನ್ನು ಓಡಿಸಲು ಬಾರದೆ ಉಳಿದವನು ನಾನು ಕಂಡಂತೆ ಒಬ್ಬನೇ. ನನ್ನ ಗೆಳೆಯ, ತಿಪಟೂರಿನ ಉಮಾಶಂಕರ.

ಅವನ ಕೆಲಸ ಸೀಟಿನದು. ಕಂಪ್ಯೂಟರಿನೊಳಗೆ ಒಂದು ರಸ್ತೆ, ರಸ್ತೆಯಲ್ಲೊಂದು ಗುಂಡಿ, ಗುಂಡಿಗಿಳಿದಾಗ ಸವಾರನ ಬೆನ್ನಿಗೆ ಬೀಳುವ ಪೆಟ್ಟೆಷ್ಟು ಎಂದು ಲೆಕ್ಕ ಹಾಕುವುದು. ವಿಸಿಟಿಂಗ್ ಕಾರ್ಡಿನಲ್ಲಿ ‘ಸೀನಿಯರ್ ಎಕ್ಸ್‌ಪರ್ಟ್, ಹ್ಯೂಮನ್ ಕಂಫರ್ಟ್’ ಎಂದಿತ್ತು. ಅದನ್ನು ಎರಡೂ ಕೈಯಲ್ಲಿ ಹಿಡಿದು ಅವನು ಬಗ್ಗಿ ಕೊಡುವ ಗಾಂಭೀರ್ಯ ಕಂಡು ಜಪಾನೀಯರೇ ಅರೆಕ್ಷಣ ತಬ್ಬಿಬ್ಬಾಗುತ್ತಿದ್ದರು.

“ಅಲ್ಲಯ್ಯಾ, ಓಡಿಸೋಕೇ ಬರಲ್ವಲ್ಲ ನಿಂಗೆ?” ಎಂದು ಕೆಣಕಿದರೆ ಉತ್ತರ ಸಿದ್ಧವಿರುತ್ತಿತ್ತು: “ಹಾರ್ಟ್ ಸ್ಪೆಷಲಿಸ್ಟ್‌ಗೆ ಹಾರ್ಟ್ ಅಟ್ಯಾಕ್ ಆಗಿರ್ಲೇಬೇಕು ಅಂತ ರೂಲ್ ಇದ್ಯಾ?”

ಇಂಥವನನ್ನು ಕಂಪನಿ ಎರಡು ಸಾವಿರದ ಇಪ್ಪತ್ತರ ಫೆಬ್ರವರಿಯಲ್ಲಿ ಘಾನಾ ದೇಶದ ಉತ್ತರಕ್ಕಿರುವ ತಮಾಲೆ ಎಂಬ ಪಟ್ಟಣಕ್ಕೆ ಕಳಿಸಿತು. ಅಲ್ಲಿನ ಜನ ಬೈಕಿನ ಮೇಲೆ ಹೇಗೆ ಕೂರುತ್ತಾರೆ ಎಂದು ನೋಡಿ ಬರಬೇಕು, ಮೂರು ವಾರದ ಕೆಲಸ. ಮಾರ್ಚಿನಲ್ಲಿ ಕೊರೋನಾಗೆ ಹೆದರಿ ಘಾನಾ ತನ್ನ ಗಡಿ ಮುಚ್ಚಿತು. ಸ್ವಲ್ಪ ದಿನಕ್ಕೆ ಜಪಾನೂ ತನ್ನ ಬಾಗಿಲನ್ನು ವಿನಯಪೂರ್ವಕವಾಗಿ, ಆದರೆ ಗಟ್ಟಿಯಾಗಿ ಹಾಕಿಕೊಂಡಿತು. ಉಮಾಶಂಕರ ಹಿಂತಿರುಗಿದ್ದು ಅಕ್ಟೋಬರಿನಲ್ಲಿ.

ಹೊರಗಿನಿಂದ ಬಂದವರು ನರಿತಾ ವಿಮಾನ ನಿಲ್ದಾಣದಿಂದ ರೈಲು, ಬಸ್ಸು ಹತ್ತುವಂತಿರಲಿಲ್ಲ. ಅವನ ಹೆಂಡತಿ ವೇದವಲ್ಲಿಗೆ ಕಾರು ಬರದು. ಹಾಗಾಗಿ ಕರೆತರಲು ನಾನು ಹೋದೆ. ಅವನು ಹಿಂದಿನ ಸೀಟಿನ ಮೂಲೆಯಲ್ಲಿ, ನಾನು ಮುಂದೆ, ಇಬ್ಬರಿಗೂ ಮಾಸ್ಕ್, ನಾಲ್ಕೂ ಕಿಟಕಿ ತೆರೆದಿವೆ. ತೋಮೆಯ್ ಹೆದ್ದಾರಿಯ ಗಾಳಿಯಲ್ಲಿ ಅವನು ಕಿರುಚಿ ಹೇಳಿದ ಕಥೆ ಇದು.

ತಮಾಲೆಯಲ್ಲಿ ಕಾರು ಶ್ರೀಮಂತರಿಗೆ, ಹಳದಿ ಮೂರುಗಾಲಿ ಆಟೋ ಸಾಮಾನು ಹೊತ್ತವರಿಗೆ, ಉಳಿದ ಇಡೀ ಊರಿಗೆ ಬೈಕು. ದೊಡ್ಡ ರಸ್ತೆಗಳ ಪಕ್ಕ ಬೈಕಿಗೆಂದೇ ಬೇರೆ ದಾರಿಯಿದೆ. ಗೌನು, ತಲೆವಸ್ತ್ರ ತೊಟ್ಟ ಹೆಂಗಸರು ಕೂಸನ್ನು ಬಟ್ಟೆಯಿಂದ ಬೆನ್ನಿಗೆ ಬಿಗಿದು ಆಫೀಸಿಗೂ ಸಂತೆಗೂ ಹೋಗುತ್ತಾರೆ. ಒಳರಸ್ತೆಗಳೆಲ್ಲ ಕೆಂಪು ಮಣ್ಣು. ಬೇಸಿಗೆಯಲ್ಲಿ ಧೂಳು, ಮಳೆಗಾಲದಲ್ಲಿ ಅದೇ ಧೂಳಿನ ಪಾಯಸ. ಈ ಊರಿನಲ್ಲಿ ಸೀನಿಯರ್ ಎಕ್ಸ್‌ಪರ್ಟ್ ನಡೆದುಕೊಂಡು ಓಡಾಡುತ್ತಿದ್ದ. ಮಕ್ಕಳು ಹಿಂದೆ ಬಿದ್ದು “ಸಿಲಿಮಿಂಗಾ!” ಎಂದು ಕೂಗುತ್ತಿದ್ದರಂತೆ. ಹಾಗೆಂದರೆ ಬಿಳಿಯ.

“ನಮ್ಮಮ್ಮಂಗೆ ಕೇಳಿಸ್ಬೇಕಿತ್ತು,” ಎಂದಳು ಆಮೇಲೆ ವೇದವಲ್ಲಿ. “ಹುಡುಗ ಸ್ವಲ್ಪ ಕಪ್ಪಾಯ್ತು ಅಂತ ಮದುವೇನೇ ಬೇಡ ಅಂತಿದ್ರು.”

ಅವನು ಬಾಡಿಗೆಗಿದ್ದದ್ದು ಹಾಜಿಯಾ ಮೆಮುನಾತು ಎಂಬ ವಿಧವೆಯ ಮನೆಯಲ್ಲಿ. ಅರವತ್ತು ದಾಟಿದ ಹೆಂಗಸು, ಬಟ್ಟೆ ವ್ಯಾಪಾರ, ಸ್ವಂತ ಬೈಕು. ಆ ಊರಿನಲ್ಲಿ ಬೆಳಿಗ್ಗೆ ಎದುರಾದವರಿಗೆ ಕುಶಲ ಕೇಳದೆ ಕೆಲಸದ ಮಾತೆತ್ತುವಂತಿಲ್ಲ. ನಿದ್ದೆ ಬಂತೇ, ಮನೆ ಹೇಗಿದೆ, ಹೆಂಡತಿ ಹೇಗಿದ್ದಾಳೆ, ಮಕ್ಕಳು ಹೇಗಿವೆ. ಎಲ್ಲಕ್ಕೂ, ನಾವು ಹೂಂ ಅನ್ನುವಂತೆ, “ನಾ” ಎನ್ನಬೇಕು. ಮೊದಲ ದಿನ ಉಮಾಶಂಕರ ಕಾರ್ಡ್ ಚಾಚಿ ನೇರ ವಿಷಯಕ್ಕೆ ಬಂದ. ಹಾಜಿಯಾ ಕಾರ್ಡ್ ಓದಿ, ಪಕ್ಕಕ್ಕಿಟ್ಟು, “ನಿದ್ದೆ ಬಂತೇ?” ಎಂದಳಂತೆ.

ವಿಮಾನಗಳು ನಿಂತ ಮೇಲೆ ಆಕೆ ಅವನನ್ನು ಅಡುಗೆಮನೆಗೇ ಸೇರಿಸಿಕೊಂಡಳು. ಜೋಳದ ಹಿಟ್ಟಿನ ಮೆತ್ತನೆ ಮುದ್ದೆ, ಲೋಳೆ ಸೊಪ್ಪಿನ ಸಾರು. ಇವನು ಸಸ್ಯಾಹಾರಿಯೆಂದು ಸಾರಿಗೆ ಮೀನು ಬೀಳುವ ಮೊದಲೇ ಒಂದು ಪಾಲು ಎತ್ತಿಡುತ್ತಿದ್ದಳು. ಇವನು ಅಗಿಯದೆ ನುಂಗುವುದನ್ನು ಕಂಡು, “ನಿನಗೆ ಇದನ್ನ ಯಾರು ಕಲಿಸಿದ್ರು?” ಎಂದು ಬೆರಗಾದಳು. ಮುದ್ದೆ ನುಂಗಿದ ವಂಶ ಎಂಬುದನ್ನು ಕಾರ್ಡಿನಲ್ಲಿ ಬರೆದಿರಲಿಲ್ಲ.

ಜೂನಿನಲ್ಲಿ ಅವನಿಗೆ ಜ್ವರ ಬಂತು. ಗಡಗಡ ನಡುಗುವ ಜ್ವರ. ಹೊರಗಿನವನಿಗೆ ಜ್ವರವೆಂದರೆ ಆಗ ಒಂದೇ ಅರ್ಥ. ಒಬ್ಬ ಆಟೋದವನೂ ನಿಲ್ಲಿಸಲಿಲ್ಲ. ಹಾಜಿಯಾ ಬೈಕು ತೆಗೆದಳು. ಮನೆಯಲ್ಲಿದ್ದ ಒಂದೇ ಹೆಲ್ಮೆಟ್ ಅವನ ತಲೆಗೆ ಹಾಕಿದಳು. ಕೂರಿಸಿದರೆ ಒಂದು ಪಕ್ಕಕ್ಕೆ ವಾಲುತ್ತಾನೆ. ಅಂಗಡಿಯಿಂದ ಗಟ್ಟಿ ಬಟ್ಟೆಯೊಂದನ್ನು ತಂದು, ಕೂಸನ್ನು ಕಟ್ಟುವಂತೆ ಅವನನ್ನು ತನ್ನ ಬೆನ್ನಿಗೆ ಬಿಗಿದು ಕಟ್ಟಿಕೊಂಡಳು.

“ಜನ ಏನಂತಾರೆ ಅಂದೆ ಕಣೋ,” ಎಂದು ಹಿಂದಿನಿಂದ ಕಿರುಚಿದ ಉಮಾಶಂಕರ. “ಇಷ್ಟು ದೊಡ್ಡ ಕೂಸು ಯಾವಾಗ ಹೆತ್ತೆ ಅಂತ ಕೇಳ್ತಾರೆ, ನೀನು ಮಲಗು ಅಂದ್ಳು.”

ಆಸ್ಪತ್ರೆಯವರೆಗೆ ಇದ್ದಬದ್ದ ಗುಂಡಿಗಳನ್ನೆಲ್ಲ ಆಕೆ ಇರುವೆ ತುಳಿಯದಂತೆ ತಪ್ಪಿಸಿಕೊಂಡು ಹೋದಳು. ಆ ಜ್ವರದಲ್ಲೂ ನಮ್ಮವನಿಗೆ ಹಿಂಬದಿ ಸೀಟು ಬಹಳ ಮುಂದಕ್ಕೆ ಇಳಿಜಾರಾಗಿದೆ ಎಂದು ಹೊಳೆಯಿತಂತೆ! ಬಂದಿದ್ದದ್ದು ಮಲೇರಿಯಾ. ವಾರದಲ್ಲಿ ಎದ್ದು ಕೂತ.

ಹೊರಡುವ ದಿನ, ಏನು ಮಾಡಿ ನಿಮ್ಮ ಋಣ ತೀರಿಸಲಿ ಎಂದು ಕೇಳಿದ್ದಾನೆ. ಹಾಜಿಯಾ ಹೇಳಿದ್ದು ಇಷ್ಟೇ: “ಈ ಊರಲ್ಲಿ ನಾನು ಹಿಂದೆ ಕೂರಿಸ್ಕೊಂಡು ಹೋಗದ ಮನುಷ್ಯ ಇಲ್ಲ. ನನ್ನನ್ನ ಕೂರಿಸ್ಕೊಂಡು ಹೋದವರು ಯಾರೂ ಇಲ್ಲ. ಓಡಿಸೋದು ಕಲಿತು ಬಾ. ನನ್ನ ತಂಗಿ ಊರಿಗೆ ಕರ್ಕೊಂಡ್ಹೋಗು.”

ಕಾರಿನ ಹಿಂದಿನ ಸೀಟಿನಲ್ಲಿ ಮಾಸ್ಕ್ ಸರಿಮಾಡಿಕೊಂಡು, “ಹೂಂ ಅಂದ್ಬಿಟ್ಟಿದೀನಿ ಕಣೋ,” ಎಂದ.

ಮರುವಸಂತದಲ್ಲಿ, ಐವತ್ತರ ಅಂಚಿನ ಉಮಾಶಂಕರ ಡ್ರೈವಿಂಗ್ ಸ್ಕೂಲಿಗೆ ಸೇರಿದ. ಅಲ್ಲಿ ಮೊದಲ ಪಾಠ, ನೆಲಕ್ಕೆ ಕೆಡವಿದ ಬೈಕನ್ನು ಒಬ್ಬನೇ ಎತ್ತಿ ನಿಲ್ಲಿಸುವುದು. ಮೂರು ದಿನ ಅವನು ನಮ್ಮ ಮನೆಯಲ್ಲಿ ಕಾಫಿ ಲೋಟವನ್ನೂ ಎರಡು ಕೈಯಲ್ಲೇ ಎತ್ತಿದ. ಎಲ್ಲಕ್ಕಿಂತ ಕಷ್ಟದ್ದು ಇಪ್ಪೋನ್‌ಬಾಶಿ. ಒಂದು ಕಿರಿದಾದ ಹಲಗೆ. ಅದರ ಮೇಲೆ ಬೀಳದೆ, ಆದಷ್ಟು ನಿಧಾನವಾಗಿ ದಾಟಬೇಕು. ಬೇಗ ದಾಟಿದರೆ ಅಂಕ ಕಡಿತ, ಚಕ್ರ ಜಾರಿದರೆ ಅಲ್ಲಿಗೇ ನಪಾಸು.

ಮೊದಲ ಪರೀಕ್ಷೆಯಲ್ಲಿ ಜಾರಿದ. ಎರಡನೆಯದರಲ್ಲಿಯೂ. ಆ ಸಂಜೆ ಹಲಗೆಯ ಘರ್ಷಣಾಂಕದ ಬಗ್ಗೆ ನನಗೊಂದು ಉಪನ್ಯಾಸವಾಯಿತು.

“ರೀ, ಹಲಗೆ ಚೆನ್ನಾಗಿದೆ. ಬೇರೆಯವರೆಲ್ಲ ದಾಟ್ತಿದಾರೆ,” ಎಂದಳು ವೇದವಲ್ಲಿ.

ಕೊನೆಗೆ ಶಿಕ್ಷಕ ಒಗಾವಾ ಸಾನ್ ಮಾಸ್ಕಿನೊಳಗಿಂದ ಮೆಲ್ಲಗೆ ಕೇಳಿದರಂತೆ, “ಉಮಾ ಸಾನ್, ಸುಮಿಮಾಸೆನ್, ಕ್ಷಮಿಸಿ, ನೀವು ಯಾಕೆ ಯಾವಾಗಲೂ ಚಕ್ರವನ್ನೇ ನೋಡ್ತೀರಿ?” ಇವನು ತನ್ನ ಹುದ್ದೆ ವಿವರಿಸಲು ಬಾಯಿ ತೆರೆದವನು, ಅದೇಕೋ ಹಾಜಿಯಾಳ ಕಥೆ ಹೇಳಿದ. ಒಗಾವಾ ಸಾನ್ ತುಸು ಯೋಚಿಸಿ, “ಹಾಗಾದರೆ ಅವರು ಹಿಂದೆ ಕೂತಿದ್ದಾರೆ ಅಂದ್ಕೊಂಡು ಹೋಗಿ,” ಎಂದರು.

ಮೂರನೆಯ ಸಲ ದಾಟಿದ. ಲೈಸೆನ್ಸ್ ಕೈಗೆ ಬಂದ ದಿನ ಅವನು ನನಗೆ ಅದನ್ನು ಒಂದೇ ಕೈಯಲ್ಲಿ ತೋರಿಸಿದ. ಇನ್ನೊಂದು ಕೈಯಲ್ಲಿ ಕಣ್ಣೊರೆಸಿಕೊಳ್ಳುತ್ತಿದ್ದ.

ಆದರೆ ಜಪಾನಿನ ಕಾನೂನು: ಲೈಸೆನ್ಸ್ ಪಡೆದು ಒಂದು ವರ್ಷ ತುಂಬುವವರೆಗೆ ಹಿಂದೆ ಯಾರನ್ನೂ ಕೂರಿಸುವಂತಿಲ್ಲ. ಯಾರನ್ನೂ ಕೂರಿಸದೆ ಹಾಜಿಯಾಳನ್ನು ಕೂರಿಸುವುದು ಕಲಿಯುವುದು ಹೇಗೆ? ಉಮಾಶಂಕರ ಸಗಟು ಅಂಗಡಿಯಿಂದ ಮೂವತ್ತು ಕಿಲೋದ ಎರಡು ಅಕ್ಕಿ ಮೂಟೆ ತಂದ. ಒಂದನ್ನು ಹಿಂದಿನ ಸೀಟಿಗೆ ಕಟ್ಟಿ, ಪ್ರತಿ ಭಾನುವಾರ ತೆನ್‌ರ್ಯೂ ನದಿಯ ದಂಡೆಯಲ್ಲಿ ಸುತ್ತತೊಡಗಿದ. ಗುಂಡಿಗಳೇ ಇಲ್ಲದ ಊರಿನಲ್ಲಿ ಗುಂಡಿ ಹುಡುಕಿಕೊಂಡು ಹೋಗಿ ಅದನ್ನು ತಪ್ಪಿಸುತ್ತಿದ್ದ.

“ಅಕ್ಕಿಗಿರೋ ಯೋಗ ನಂಗಿಲ್ಲ ನೋಡಿ,” ಎಂದಳು ವೇದವಲ್ಲಿ ನನ್ನ ಹತ್ತಿರ.

ಒಂದು ಭಾನುವಾರ ಅವನು ತಮಾಲೆಗೆ ವಿಡಿಯೋ ಕಾಲ್ ಮಾಡಿದಾಗ ನಾನೂ ಅಲ್ಲಿದ್ದೆ. ನಿದ್ದೆ, ಮನೆ, ಹೆಂಡತಿ, ಮಕ್ಕಳು ಎಲ್ಲ ಮುಗಿಯುವವರೆಗೆ ಇವನು ತಲೆ ತಗ್ಗಿಸಿ “ನಾ, ನಾ” ಎನ್ನುತ್ತಿದ್ದ. ಆಮೇಲೆ ಫೋನನ್ನು ಬೈಕಿನತ್ತ ತಿರುಗಿಸಿದ.

“ಹಿಂದೆ ಏನದು, ಮೂಟೆ?”

“ನೀವೇ ಹಾಜಿಯಾ. ಪ್ರಾಕ್ಟೀಸ್ ಮಾಡ್ತಿದೀನಿ.”

ಹಾಜಿಯಾ ಫೋನನ್ನು ಮುಖಕ್ಕೆ ಹತ್ತಿರ ಹಿಡಿದು ಬಹಳ ಹೊತ್ತು ನೋಡಿದಳು. ಕನ್ನಡಕ ತೆಗೆದು, ಸೆರಗಿನಂಥ ವಸ್ತ್ರದಿಂದ ಒರೆಸಿ, ಮತ್ತೆ ಹಾಕಿಕೊಂಡಳು.

“ನಾನು ಅಷ್ಟೇನಾ? ಇನ್ನೊಂದು ಕಟ್ಟು,” ಎಂದಳು.

ಉಮಾಶಂಕರ ಎರಡನೆಯ ಮೂಟೆ ತರಲು ಒಳಗೆ ಹೋದ.