ಎರಡು ಮೈನಸ್ಸು ಮತ್ತು ವೆಂಕಟರೋಣಪ್ಪ ಮೇಷ್ಟ್ರು

ವೆಂಕಟರೋಣಪ್ಪ ಮೇಷ್ಟ್ರು ಯಾವುದನ್ನೂ ಮೇಲಿನಿಂದ ತೆಗೆದುಕೊಂಡವರಲ್ಲ. ಅವರ ತಂದೆ ಶಿಡ್ಲಘಟ್ಟದ ಮಾರುಕಟ್ಟೆಯಲ್ಲಿ ರೇಷ್ಮೆಗೂಡು ಕೊಳ್ಳುತ್ತಿದ್ದವರು. ರಾಶಿಯ ತಳಕ್ಕೆ ಮೊಣಕೈವರೆಗೂ ಕೈ ತೂರಿಸಿ, ಒಂದು ಗೂಡು ಎತ್ತಿ, ಕಿವಿಯ ಹತ್ತಿರ ಅಲ್ಲಾಡಿಸಿ ಒಳಗಿನ ಹುಳುವಿನ ಸದ್ದು ಕೇಳಿದ ಮೇಲೆಯೇ ಬೆಲೆ ಕೂಗುವುದು ಅಲ್ಲಿನ ಪದ್ಧತಿ. ಮಗ ರಸಾಯನಶಾಸ್ತ್ರದ ಮೇಷ್ಟ್ರಾದರೂ ಆ ಅಭ್ಯಾಸ ಹೋಗಲಿಲ್ಲ. ಟೊಮ್ಯಾಟೊ ಬುಟ್ಟಿಯಾಗಲಿ, ನಮ್ಮ ಉತ್ತರಪತ್ರಿಕೆಗಳ ಕಟ್ಟಾಗಲಿ, ಮೊದಲು ತಳಕ್ಕೇ ಕೈ ಹಾಕುತ್ತಿದ್ದರು. ಪೂರ್ತಿ ಅಂಕ ಬಂದವರನ್ನು ಕಂಡರಂತೂ ಅವರಿಗೆ ವಿಶೇಷ ಗುಮಾನಿ.

ಚಿಂತಾಮಣಿಯ ನಮ್ಮ ಕಾಲೇಜಿನ ಲ್ಯಾಬಿನಲ್ಲಿ ಬಾಟಲಿಯ ಮೇಲಿನ ಚೀಟಿಯನ್ನೂ ನಂಬುತ್ತಿರಲಿಲ್ಲ. "ಅಂಟಿಸಿದೋನು ಮನೆಗೋಗೋ ಆತುರದಾಗೆ ಅಂಟಿಸಿದ್ರೆ?" ಎಂದು ಅಡುಗೆ ಉಪ್ಪಿಗೂ ಪರೀಕ್ಷೆ ಮಾಡಿಸುತ್ತಿದ್ದರು. ನಮಗೆ ತಲೆಚಿಟ್ಟು ಹಿಡಿಯುತ್ತಿತ್ತು.

ಸಂಶೋಧನೆಗೆ ಸೇರಿದ ಮೇಲೆ ನನಗೊಂದು ಹರಳು ಸಿಕ್ಕಿತು. ಅದರೊಳಗೆ ಅಯೋಡಿನ್ ಇರುವ ಎರಡು ಅಣುಗಳು. ಎರಡಕ್ಕೂ ಮೈನಸ್ ಚಾರ್ಜು. ಒಂದನ್ನೊಂದು ದೂರ ತಳ್ಳಬೇಕಾದವು ಹಿಡಿದುಕೊಂಡು ಕೂತಿದ್ದವು. ಅಣು ಒಟ್ಟಿನಲ್ಲಿ ಮೈನಸ್ಸಾದರೂ ಅಯೋಡಿನ್ನಿನ ಹೊರತುದಿಯಲ್ಲಿ ಎಲೆಕ್ಟ್ರಾನುಗಳು ತೆಳುವಾಗಿರುತ್ತವೆ. ಆ ತುದಿ ಪಕ್ಕದ ಅಣುವಿನ ಎಲೆಕ್ಟ್ರಾನು ತುಂಬಿದ ಜಾಗಕ್ಕೆ ಅಂಟಿಕೊಳ್ಳುತ್ತದೆ. ಅದಕ್ಕೆ ಹ್ಯಾಲೊಜೆನ್ ಬಂಧ ಎನ್ನುತ್ತಾರೆ. ನನ್ನ ಪಿಎಚ್‌ಡಿ ಪೂರ್ತಿ ಆ ಹರಳಿನ ಮೇಲೆ ನಿಂತಿತ್ತು. ಸಂಭ್ರಮದಿಂದ ಮೇಷ್ಟ್ರ ಮನೆಗೆ ಹೋಗಿ ಚಿತ್ರ ತೋರಿಸಿದೆ.

"ಎರಡೂ ಮೈನಸ್ಸು ಅಂತ ಯಾರಮ್ಮ ಹೇಳಿದ್ದು?" ಎಂದರು.

"ಎರಡೂ ಮೊದ್ಲು ಆಸಿಡ್ಡು ಸಾರ್. ನಾನು ಹಾಕಿದ ಬೇಸು ಅವುಗಳ ಹೈಡ್ರೋಜನ್ನ ಎತ್ಕೊಂಡು ಹೋಗೈತೆ, ಅದಕ್ಕೇ ಮೈನಸ್ಸು."

"ಹೋಗಿದ್ದನ್ನ ನೋಡಿದ್ಯಾ? ಒಂದು ಹೈಡ್ರೋಜನ್ನು ಅಲ್ಲೇ ಬಚ್ಚಿಟ್ಕೊಂಡಿದ್ರೆ? ಆಗ ಆ ಅಣು ಮೈನಸ್ಸೇ ಅಲ್ಲ, ನಿನ್ ಕಥೆ ಮುಗೀತು. ನಂಗ್ಯಾಕೋ ಡೌಟೈತಮ್ಮ."

ಹರಳಿನ ಚಿತ್ರ ತೆಗೆಯುವ ಎಕ್ಸ್‌ರೇಗೆ ಹೈಡ್ರೋಜನ್ ಸರಿಯಾಗಿ ಕಾಣುವುದಿಲ್ಲ ಎಂಬುದು ಇಬ್ಬರಿಗೂ ಗೊತ್ತಿತ್ತು. ನನಗೆ ಕೆಟ್ಟ ಸಿಟ್ಟು ಬಂತು. ಕಾಫಿಯನ್ನು ಅರ್ಧಕ್ಕೇ ಬಿಟ್ಟು ಎದ್ದೆ. ಬಸ್ಸು ಕೈವಾರ ಕ್ರಾಸ್ ದಾಟುವಷ್ಟರಲ್ಲಿ ಅವರ ಅನುಮಾನ ನನಗೂ ಅಂಟಿಕೊಂಡಿತ್ತು. ಆಮೇಲೆ ನನ್ನ ಹರಳನ್ನೂ, ನನ್ನ ಯಂತ್ರವನ್ನೂ, ನನ್ನ ಗೈಡನ್ನೂ ನಾನು ನಂಬಲಿಲ್ಲ. ಹೊಸ ಹರಳು ಬೆಳೆಸಿ, ಬೇರೆ ಬೇರೆ ದಾರಿಗಳಲ್ಲಿ ತಿಂಗಳುಗಟ್ಟಲೆ ಆ ಹೈಡ್ರೋಜನ್ನನ್ನು ಹುಡುಕಿದೆ. ಅದು ಅಲ್ಲಿರಲಿಲ್ಲ. ಎರಡೂ ಮೈನಸ್ಸೇ, ಬಂಧವೂ ನಿಜವೇ.

ಅದನ್ನು ಹೇಳಲು ಹೋದಾಗಲೇ ಮೇಷ್ಟ್ರನ್ನು ನಾನು ಕೊನೆಯ ಸಲ ನೋಡಿದ್ದು. ಹಾಸಿಗೆ ಹಿಡಿದು ಬಹಳ ಇಳಿದುಹೋಗಿದ್ದರು. ಅವರು ಕೇಳಬಹುದಾದ ಪ್ರಶ್ನೆಗಳಿಗೆಲ್ಲ ಉತ್ತರ ಸಿದ್ಧ ಮಾಡಿಕೊಂಡು ಹೋಗಿದ್ದೆ. ಚಿತ್ರವನ್ನು ಅವರ ಮುಖದ ಹತ್ತಿರ ಹಿಡಿದೆ.

"ಸರಿಯಾಗೈತಮ್ಮ," ಎಂದರು.

"ಹೆಂಗೆ ಗೊತ್ತಾಯ್ತು ಅಂತ ಕೇಳಲ್ವಾ ಸಾರ್?"

"ನೀನು ಹೇಳಿದ್ಮೇಲೆ ಇನ್ನೇನು ಕೇಳೋದು, ಬಿಡು."

ಅಷ್ಟು ವರ್ಷಗಳಲ್ಲಿ ಮೊದಲ ಸಲ ಮೇಷ್ಟ್ರು ನನ್ನ ಮಾತನ್ನು ಹಾಗೆಯೇ ನಂಬಿದ್ದರು. ನನಗೆ ಖುಷಿಯಾಗಲಿಲ್ಲ, ಹೆದರಿಕೆಯಾಯಿತು. ಒಂದಾದರೂ ಕೇಳಿ ಸಾರ್ ಎಂದು ಬೇಡಿಕೊಂಡೆ. ಅವರು ನನ್ನ ಕೈ ತಟ್ಟಿ ಗೋಡೆಯ ಕಡೆ ಹೊರಳಿಕೊಂಡರು.