ಚೌಡಿಯನ್ನು ಕಲ್ಲು ಮಾಡಿದ ಬೆಳಿಗ್ಗೆ

ಧಾರವಾಡದ ಹಾಸ್ಟೆಲಿನಲ್ಲಿ ಯಾರಾದರೂ ಅಪ್ಪ ಏನು ಮಾಡುತ್ತಾರೆ ಎಂದು ಕೇಳಿದರೆ ಯಲ್ಲಾಪುರದಲ್ಲಿ ಹೋಟೆಲ್ ಇದೆ ಎನ್ನುತ್ತಿದ್ದೆ. ಅದು ಸುಳ್ಳಲ್ಲ. ತೊಂಬತ್ತರ ದಶಕದ ಕೊನೆಯವರೆಗೆ ಪೂರ್ತಿ ನಿಜವೇ ಆಗಿತ್ತು. ಆಮೇಲೆ ಅದೇ ಉತ್ತರ ಕೊಡುವಾಗ ಮಾತು ಬದಲಿಸುವ ಅವಸರ ಶುರುವಾಯಿತು.

ಅಪ್ಪಯ್ಯನ ಹೋಟೆಲು ಊರು ದಾಟಿ ಅಂಕೋಲೆಯ ಕಡೆಗೆ ಹೋಗುವ ರಸ್ತೆಯಲ್ಲಿತ್ತು. ಅದರ ಹಿಂದಿನ ಎರಡು ಕೋಣೆಗಳಲ್ಲಿ ನಮ್ಮ ವಾಸ. ಬೆಳಿಗ್ಗೆ ಇಡ್ಲಿ, ಬನ್ಸು. ಮಧ್ಯಾಹ್ನ ಬಾಳೆಲೆಯ ಊಟ. ಅಂಗಳದ ಅಂಚಿನಲ್ಲಿ ಮಾವಿನ ಮರ, ಅದರ ಬುಡದಲ್ಲಿ ದಾರಿ ಕಾಯುವ ದೇವತೆ ಚೌಡಿ. ಘಟ್ಟ ಇಳಿಯುವ ಲಾರಿಯವರು ಅಲ್ಲಿ ಒಂದು ಕಾಯಿ ಒಡೆದು, ಹೋಟೆಲಿಗೆ ಬಂದು ಚಾ ಕುಡಿದು ಹೋಗುವುದು ರೂಢಿ. ಕಾಯಿ ಒಡೆಯಲು ನಿಂತವರು ಚಾಕ್ಕೂ ನಿಲ್ಲುತ್ತಾರೆ ಎಂಬುದನ್ನು ಅಪ್ಪಯ್ಯ ಬೇಗ ಕಂಡುಕೊಂಡಿದ್ದ. ಅಲ್ಲಿ ಕಟ್ಟೆ ಕಟ್ಟಿಸಿದವನು, ತಗಡು ಹೊದಿಸಿದವನು, ಕೊಂಬೆಗೆ ಗಂಟೆ ಕಟ್ಟಿದವನು ಅವನೇ. ನನ್ನ ಅಮ್ಮ, ಆಯಿ, ದಿನವೂ ಮಿಂದು ಬಂದು ಕುಂಕುಮ ಹಚ್ಚಿ ದೀಪ ಇಡುತ್ತಿದ್ದಳು. ಅವಳಿಗೆ ಚಾದ ಯೋಚನೆ ಇರಲಿಲ್ಲ.

ಬರಬರುತ್ತ ಘಟ್ಟದ ತಲೆಯಲ್ಲಿ ಢಾಬಾಗಳು ಎದ್ದವು. ಅಲ್ಲಿ ಕೋಳಿ ಸಿಗುತ್ತಿತ್ತು, ಮೈ ಚಾಚಲು ಹಗ್ಗದ ಮಂಚ ಸಿಗುತ್ತಿತ್ತು, ಕೇಳಿದರೆ ಬಾಟಲಿಯೂ ಸಿಗುತ್ತಿತ್ತು. ನಮ್ಮಲ್ಲಿ ಲಾರಿಗಳು ಕಾಯಿ ಒಡೆಯುವಷ್ಟು ಹೊತ್ತು ಮಾತ್ರ ನಿಂತು ಹೊರಟುಬಿಡುತ್ತಿದ್ದವು. ಸಂಜೆಗೆ ಉಳಿದ ಇಡ್ಲಿಯನ್ನು ನಾವೇ ತಿನ್ನುತ್ತಿದ್ದೆವು.

ಒಂದು ಬೇಸಿಗೆ ರಜೆಗೆ ಬಂದಾಗ ಅಪ್ಪಯ್ಯ ಬೀರಿನ ಲೈಸೆನ್ಸಿಗೆ ಅರ್ಜಿ ಹಾಕಿಯಾಗಿತ್ತು. ಬೀರು ಮಾತ್ರ ಮಾರಬಹುದಾದ ಲೈಸೆನ್ಸು. ಬ್ರಾಂಡಿ, ವಿಸ್ಕಿಗೆ ಬೇರೆಯದೇ ಬೇಕು. ಅದು ತನಗೆ ಬೇಡವೇ ಬೇಡ ಎಂದು ಅವನು ಕೇಳದವರಿಗೂ ಹೇಳುತ್ತಿದ್ದ. ‘ಬೀರು ಮಾತ್ರ’ ಎನ್ನುವಾಗ ಎರಡನೆಯ ಶಬ್ದವನ್ನು ಒತ್ತಿ ಹೇಳುತ್ತಿದ್ದ. ಮನೆಯ ಮರ್ಯಾದೆ ಅಷ್ಟರಲ್ಲಿ ಉಳಿಯುತ್ತದೆ ಎಂದು ಅವನ ನಂಬಿಕೆ.

ಸುದ್ದಿ ಕೇಳಿ ಮನ್ಮನೆ ಊರಿನಿಂದ ದೊಡ್ಡಪ್ಪ ಬಂದ.

“ಎಂತದಾ ಇದು, ಆನು ಕೇಳಿದ್ದು?”

“ಬೀರು ಮಾತ್ರ ಅಣ್ಣಯ್ಯ. ಬಾರ್ಲಿ ನೀರು ಅದು. ನಿನ್ನ ಕಾಲು ಬಾತಾಗ ಡಾಕ್ಟ್ರು ಬಾರ್ಲಿ ನೀರೇ ಕುಡಿ ಹೇಳಿದ್ವಿಲ್ಯಾ?”

“ಹಂಗಾರೆ ಸತ್ಯನಾರಾಯಣ ಕಥೆಗೆ ಪಾನಕ ಎಂತಕ್ಕೆ? ಅದನ್ನೇ ಹಂಚು.”

ಆಯಿ ನಡುವೆ ಬಂದು, “ಆಸ್ರಿಗೆ ಎಂತ ಕೊಡ್ಲಿ ಬಾವ?” ಎಂದು ಕೇಳಿದಳು.

“ಈಗ ಮಜ್ಜಿಗೆ ಕೊಡು. ಮುಂದಿನ ಸಲ ಲೋಟದಲ್ಲಿ ಎಂತ ಇದ್ದು ಹೇಳಿ ಕೇಳ್ಕಂಡೇ ಕುಡಿಯವು ಕಾಣ್ತು.”

ಅಪ್ಪಯ್ಯ ನಕ್ಕ. ದೊಡ್ಡಪ್ಪ ಮಜ್ಜಿಗೆ ಕುಡಿದ, ಊಟಕ್ಕೆ ನಿಲ್ಲಲಿಲ್ಲ. ಬಡಿಸಲೆಂದು ತೊಳೆದಿಟ್ಟ ಎಲೆಯನ್ನು ಆಯಿ ಸುರುಳಿ ಸುತ್ತಿ ಒಳಗಿಟ್ಟಳು.

ಅಬಕಾರಿ ಇನ್ಸ್‌ಪೆಕ್ಟರು ಜಾಗ ನೋಡಲು ಬಂದದ್ದು ಅದೇ ವಾರ. ನಿಧಾನ ಮಾತಿನ, ವಯಸ್ಸಾದ ಮನುಷ್ಯ.

“ನೂರು ಮೀಟರ್ ಒಳಗೆ ಶಾಲೆ, ದೇವಸ್ಥಾನ ಇರಬಾರದು ಭಟ್ರೆ. ತಿರುವಿನ ದೇವಸ್ಥಾನ ದೂರ ಇದೆ, ಅದರ ತೊಂದರೆ ಇಲ್ಲ. ಇದೇನು, ಮರದ ಕೆಳಗೆ?”

“ಇದು ಚೌಡಿ ಸಾರ್.”

“ಚೌಡಿ ಅಂತ ನಾನು ಬರೆದರೆ ನಿಮ್ಮ ಲೈಸೆನ್ಸ್ ಅಲ್ಲಿಗೆ ಮುಗೀತು. ನಾಡಿದ್ದು ಅಳತೆಗೆ ಬರ್ತೇನೆ. ಅದು ಏನು ಅಂತ ಅಷ್ಟರಲ್ಲಿ ಸರಿಯಾಗಿ ನೋಡಿ ಇಟ್ಟುಕೊಳ್ಳಿ.”

ಅವರು ಹೋದ ಮೇಲೆ ಅಪ್ಪಯ್ಯ ಅಡುಗೆಮನೆಯ ಬಾಗಿಲಲ್ಲಿ ನಿಂತ. “ಕಲ್ಲು ತೆಗೆಯದು ಬ್ಯಾಡ. ತಗಡು, ಗಂಟೆ ಆನು ಇಳಸ್ತೆ. ಕುಂಕುಮ ಒಂದು ತೊಳೆದ್ರೆ ಸಾಕು.”

“ಯಾರು ತೊಳೆಯದು?” ಎಂದು ಕೇಳಿದಳು ಆಯಿ.

ಅಪ್ಪಯ್ಯ ಬಾಗಿಲ ಚಿಲಕ ಆಡಿಸಿದ. ಅವಳೇ ಹೇಳಿದಳು.

“ಹಚ್ಚಿದ್ದು ಆನು. ತೊಳೆಯದೂ ಆನೇ.”

ಅಳತೆಯ ದಿನ ಬೆಳಿಗ್ಗೆ ಆಯಿ ಮಿಂದಳು. ಗಳದ ಮೇಲೆ ಬೇರೆಯಾಗಿ ಒಣಗಿಸಿದ್ದ ಮಡಿಸೀರೆಯನ್ನು ಕೋಲಿನಿಂದ ತೆಗೆದು ಉಟ್ಟಳು. ಮಡಿಯಿಲ್ಲದೆ ಚೌಡಿಯನ್ನು ಮುಟ್ಟಿದವಳಲ್ಲ, ಅಂದೂ ಮಡಿಯಲ್ಲೇ ಮುಟ್ಟಿದಳು. ದೇವರಲ್ಲ ಎಂದು ತೋರಿಸುವುದಕ್ಕೆ ಮಡಿ ಉಟ್ಟು ಹೋಗುತ್ತಿದ್ದಾಳೆ ಎಂಬುದು ಅಪ್ಪಯ್ಯನಿಗೆ ಹೊಳೆಯಲಿಲ್ಲ, ನನಗೂ ಹೊಳೆಯಲಿಲ್ಲ. ನಾನು ಅವಳಿಗೆ ತಾಗದ ಹಾಗೆ ಮೇಲಿನಿಂದ ನೀರು ಹೊಯ್ದೆ. ಅವಳು ತೆಂಗಿನ ನಾರಿನ ಕತ್ತದಿಂದ ಉಜ್ಜಿದಳು. ವರ್ಷಗಳ ಎಣ್ಣೆ, ಕುಂಕುಮ ಒಂದಕ್ಕೊಂದು ಅಂಟಿ ಗಟ್ಟಿಯಾಗಿದ್ದವು. ಕೆಂಪು ರಾಡಿಯಾಗಿ ಬಿಟ್ಟು ಬಂದವು. ಅಡಿಯಲ್ಲಿದ್ದದ್ದು ಬೂದು ಬಣ್ಣದ ಸಾಮಾನ್ಯ ಕಲ್ಲು. ನಾನು ಅದನ್ನು ಹಾಗೆ ಎಂದೂ ನೋಡಿರಲಿಲ್ಲ. ನೋಡಬಾರದ್ದನ್ನು ನೋಡಿದಂತಾಗಿ ಕೊಡದ ಕಡೆಗೆ ತಿರುಗಿದೆ.

ಅಷ್ಟರಲ್ಲಿ ಜೀಪು ಬಂತು. ನಾವು ಎಣಿಸಿದ್ದಕ್ಕಿಂತ ಬೇಗ ಬಂದಿದ್ದರು. ಅಳತೆಯ ಟೇಪು ಹಿಡಿದ ಜವಾನ ಮರದ ಕಡೆಗೇ ನಡೆದು ಬಂದ. ಆಯಿ ಎರಡು ಹೆಜ್ಜೆ ಹಿಂದೆ ಸರಿದಳು.

“ಹತ್ರ ಬರಬೇಡಿ. ಮಡಿ.”

ಇನ್ಸ್‌ಪೆಕ್ಟರಿಗೆ ಕೇಳಿಸಿತು. “ಕಲ್ಲು ತೊಳೆಯೋಕೆ ಮಡಿ ಯಾಕಮ್ಮ?”

“ಅಡುಗೆಗೆ ಸಾರ್,” ಎಂದ ಅಪ್ಪಯ್ಯ. “ಅವಳು ಅಡುಗೆಗೆ ಮಡಿ.”

ಆಯಿಯ ಅಂಗೈ ಕೆಂಪಾಗಿತ್ತು. ಸೆರಗಿನೊಳಗೆ ಅಡಗಿಸಿದಳು; ಸೆರಗೂ ಕೆಂಪಾಯಿತು.

ಇನ್ಸ್‌ಪೆಕ್ಟರು ಕಟ್ಟೆಯ ಹತ್ತಿರ ಬಂದು ಬೂಟು ಕಳಚಿದರು. ಬರಿಗಾಲಲ್ಲಿ ಮೇಲೆ ಹತ್ತಿ ಒದ್ದೆ ಕಲ್ಲನ್ನು ಸ್ವಲ್ಪ ಹೊತ್ತು ನೋಡಿದರು. ಇಳಿದು ಬಂದು ಬೂಟು ಹಾಕಿಕೊಂಡರು. ಅದನ್ನು ಎಲ್ಲರೂ ನೋಡಿದೆವು.

“ಅಂದರೆ ಇದು ಕಲ್ಲು.”

“ಹೌದು ಸಾರ್. ಕಲ್ಲು.”

ಟೇಪಿನ ಒಂದು ತುದಿಯನ್ನು ಹೋಟೆಲಿನ ಹೊಸ್ತಿಲಲ್ಲಿ ಹಿಡಿಯಲು ನನಗೆ ಕೊಟ್ಟರು. ಅದು ನನ್ನ ಕೈಯಿಂದ ಹೊರಟು, ಮಾವಿನ ಮರದ ಪಕ್ಕದಿಂದಲೇ ಹಾದು, ತಿರುವಿನ ದೇವಸ್ಥಾನದ ಕಡೆಗೆ ಹೋಯಿತು.

ಲೈಸೆನ್ಸು ಬಂತು. ಹೋಟೆಲಿನ ಮುಂದಿನ ಭಾಗಕ್ಕೆ ಹಲಗೆಯ ಗೋಡೆ ಬಂತು, ಐಸ್ ಪೆಟ್ಟಿಗೆ ಬಂತು. ಹುಬ್ಬಳ್ಳಿ ಕಡೆಯ ಡ್ರೈವರುಗಳು ಮೊದಮೊದಲು ತಮಾಷೆ ಮಾಡಿದರು. “ಬೀರಷ್ಟ ಏನ್ರಿ ಭಟ್ರ? ಇದನ್ನ ಕುಡದ್ರ ಉಚ್ಚಿ ಬರ್ತೈತಿ, ನಿಶಾ ಬರೂದಿಲ್ಲ.” ಹಾಗೆನ್ನುತ್ತಲೇ ಕುಡಿದರು. ಲಾರಿಗಳು ಮತ್ತೆ ನಿಲ್ಲತೊಡಗಿದವು. ನನ್ನ ಎಂ.ಎ. ಮುಗಿದದ್ದೂ ಅದರಿಂದಲೇ.

ಒಂದು ದಿನ ಅಪ್ಪಯ್ಯ, “ಇನ್ನು ಕುಂಕುಮ ಹಚ್ಚಲಕ್ಕು,” ಎಂದ.

“ಸಾಹೇಬ್ರ ಹತ್ರ ಕಲ್ಲು ಹೇಳಿ ಆತಲಿ,” ಎಂದಳು ಆಯಿ. “ಕಲ್ಲಿಗೆ ಎಂತ ಕುಂಕುಮ?” ಸಿಟ್ಟಿನಿಂದ ಹೇಳಿದ್ದಲ್ಲ. ಆದರೆ ಆಮೇಲೆ ಅವಳು ಮಾವಿನ ಮರದ ಕಡೆಗೆ ಹೋಗಲಿಲ್ಲ. ದೀಪವನ್ನು ಅಡುಗೆಮನೆಯೊಳಗೇ ಇಟ್ಟಳು.

ಡ್ರೈವರುಗಳಿಗೆ ಇದೊಂದೂ ಗೊತ್ತಿರಲಿಲ್ಲ. ಕಾಯಿ ಒಡೆಯುವ ಮುಂಚೆ ಅವರ ಕೈ ಗಂಟೆಗೆಂದು ಮೇಲೆ ಹೋಗಿ, ಬರೀ ಗಾಳಿಯಲ್ಲಿ ಆಡಿ, ಕೆಳಗೆ ಬರುತ್ತಿತ್ತು. ಒಬ್ಬ ಒಳಗೆ ಬಂದು ಕೇಳಿದ.

“ಗಂಟಿ ಎಲ್ಲಿ ಹೋತ್ರಿ ಭಟ್ರ?”

“ಕಳ್ಳತನ ಆಯ್ತು.”

“ದೇವರ ಗಂಟಿ ಕದ್ದಾಂವಗ ಒಳ್ಳೇದಾಗೂದಿಲ್ಲ ಬಿಡ್ರಿ.”

ಗಂಟೆ ಒಳಗೆ ಅಕ್ಕಿ ಡ್ರಮ್ಮಿನಲ್ಲಿತ್ತು. ಆ ಡ್ರೈವರು ಮುಂದಿನ ಟ್ರಿಪ್ಪಿಗೆ ಹುಬ್ಬಳ್ಳಿಯಿಂದ ಹೊಸ ಗಂಟೆ ತಂದ. ಅವನು ಏಣಿ ಹತ್ತಿ ಕಟ್ಟಿದ. ಅಪ್ಪಯ್ಯ ಕೆಳಗೆ ಏಣಿ ಹಿಡಿದುಕೊಂಡಿದ್ದ. ಇಳಿದವನು ಜೇಬಿನಿಂದ ಪೊಟ್ಟಣ ತೆಗೆದು ಕಲ್ಲಿಗೆ ಧಾರಾಳವಾಗಿ ಕುಂಕುಮ ಬಳಿದ. ಒಡೆದ ಕಾಯಿಯ ಒಂದು ಹೋಳನ್ನು ಅಪ್ಪಯ್ಯನಿಗೆ ಕೊಟ್ಟ. ಅಪ್ಪಯ್ಯ ಎರಡೂ ಕೈಯಲ್ಲಿ ತೆಗೆದುಕೊಂಡು ಕಣ್ಣಿಗೊತ್ತಿಕೊಂಡ. ಬಾಗಿಲಲ್ಲಿ ನಾನಿರುವುದು ಅವನಿಗೆ ಆಮೇಲೆ ಕಂಡಿತು. ಹೋಳನ್ನು ಎಲ್ಲಿಡಬೇಕೆಂದು ತಿಳಿಯದೆ ಐಸ್ ಪೆಟ್ಟಿಗೆಯ ಮೇಲಿಟ್ಟ.

ಲೈಸೆನ್ಸನ್ನು ವರ್ಷವರ್ಷವೂ ಹೊಸದು ಮಾಡಿಸಬೇಕು. ಹೀಗಾಗಿ ಜೂನ್ ಬಂತೆಂದರೆ ನಮ್ಮ ಮನೆಯಲ್ಲಿ ಅದೊಂದು ಹಬ್ಬದಂತೆ ನಡೆಯತೊಡಗಿತು. ಹಬ್ಬಕ್ಕೆ ಹಚ್ಚುತ್ತಾರೆ, ನಾವು ತೊಳೆಯುತ್ತಿದ್ದೆವು. ಆಯಿ ಮೊದಲ ಸಲ ಬಿಟ್ಟರೆ ಮತ್ತೆ ಕೈ ಹಾಕಲಿಲ್ಲ. ಅಪ್ಪಯ್ಯನೇ ಮಿಂದು, ಮಡಿಪಂಚೆ ಉಟ್ಟು, ಬರಿಮೈಯಲ್ಲಿ ಹೋಗುತ್ತಿದ್ದ.

ಓದು ಮುಗಿಸಿ ಮನೆಯಲ್ಲಿದ್ದ ವರ್ಷ ನಾನದನ್ನು ಹತ್ತಿರದಿಂದ ನೋಡಿದೆ. ಆಗಷ್ಟೇ ಒಂದು ಮಳೆ ಬಿದ್ದು ಅಂಗಳ ಕೆಸರಾಗಿತ್ತು. ಅಪ್ಪಯ್ಯ ಗಂಟೆ ಇಳಿಸಿದ, ನೀರು ಹೊಯ್ದ, ಉಜ್ಜಿದ. ನಾನು ಹಿಂದೆ ಇರುವುದು ಅವನಿಗೆ ಗೊತ್ತಿರಲಿಲ್ಲ.

“ಒಂದು ತಾಸು ತಡಕ ತಾಯಿ,” ಎನ್ನುತ್ತಿದ್ದ. “ಸಾಹೇಬ್ರು ಹೋದ್ಮೇಲೆ ಲಾರಿಯವ್ವು ಹಚ್ತ.”

ತಾನು ಹಚ್ಚುತ್ತೇನೆ ಎನ್ನಲಿಲ್ಲ.

ಒಳಗೆ ಬಂದು ಗಂಟೆಯನ್ನು ಅಕ್ಕಿ ಡ್ರಮ್ಮಿಗೆ ಇಳಿಸುವಾಗ ಅದು ಹಳೆಯ ಗಂಟೆಗೆ ತಾಗಿ ಸದ್ದಾಯಿತು. ಒಲೆಯ ಮುಂದಿದ್ದ ಆಯಿ ತಲೆಯೆತ್ತಿದಳು, ಮತ್ತೆ ಬಗ್ಗಿಸಿದಳು. ಹೊರಗೆ ಜೀಪು ನಿಂತಿತು. ಅಪ್ಪಯ್ಯ ಮಡಿಪಂಚೆಯ ಮೇಲೇ ಅಂಗಿ ತೊಟ್ಟುಕೊಂಡು ಓಡಿದ.

ಆ ವರ್ಷ ಇನ್ಸ್‌ಪೆಕ್ಟರು ಹೊಸಬರು. ಚಿಕ್ಕ ವಯಸ್ಸು, ಚುರುಕು ನಡಿಗೆ.

“ಅದೇನ್ರೀ ಅದು?”

“ಕಲ್ಲು ಸಾರ್.”

ಅವರು ತಲೆಯಾಡಿಸಿದರು. ಬೂಟಿನ ದಾರ ಬಿಚ್ಚಿಕೊಂಡು ಕೆಸರಲ್ಲಿ ಎಳೆದಾಡುತ್ತಿತ್ತು. ಕಟ್ಟೆಯ ಬಳಿಗೆ ಹೋಗಿ, ಕಾಲೆತ್ತಿ ಕಲ್ಲಿನ ಮೇಲಿಟ್ಟು, ಬಗ್ಗಿ ದಾರ ಕಟ್ಟತೊಡಗಿದರು. ಅವರದ್ದೇನೂ ತಪ್ಪಿಲ್ಲ, ನಾವೇ ಹೇಳಿದ್ದೆವಲ್ಲ.

ಅಪ್ಪಯ್ಯನ ಕೈ ಮುಂದಕ್ಕೆ ಹೋಯಿತು, ನಡುವೆ ನಿಂತಿತು. ಅಡುಗೆಮನೆಯ ಕಿಟಕಿಯಲ್ಲಿ ಆಯಿ ನಿಂತಿದ್ದಳು. ಇನ್ಸ್‌ಪೆಕ್ಟರು ಒಂದು ಗಂಟು ಹಾಕಿ, ಸಡಿಲವಾಯಿತೆಂದು ಬಿಚ್ಚಿ, ಮತ್ತೊಮ್ಮೆ ಕಟ್ಟಿದರು.

ಕಾಲು ಇಳಿಸಿದ ಮೇಲೆ ಕಲ್ಲಿನ ಮೇಲೆ ಕೆಸರಿನ ಅಚ್ಚು ಉಳಿದಿತ್ತು.

“ಬನ್ನಿ ಸಾರ್, ಒಳಗೆ ಕೂತ್ಕೊಳ್ಳಿ,” ಎಂದ ಅಪ್ಪಯ್ಯ.